ಮಾಮಾ ನಟಾಲಿ: ಸೊಂಟಕ್ಕೆ ಕಟ್ಟಿಕೊಳ್ಳುವ ಹೆರಿಗೆ ಗೊಂಬೆ ಕೊಳ್ಳಬಹುದಾ?

ಎಎನ್‌ಎಂ (ಹಳ್ಳಿಯ ಸಹಾಯಕ ನರ್ಸ್) ತರಬೇತಿ ಕೇಂದ್ರಗಳಿಂದ, ಹೊಸದಾಗಿ ಸ್ಕಿಲ್ ಲ್ಯಾಬ್ ಮಾಡುತ್ತಿರುವ ನರ್ಸಿಂಗ್ ಕಾಲೇಜುಗಳಿಂದ ನನಗೆ ಫೋನ್ ಬರುತ್ತಲೇ ಇರುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಹೆರಿಗೆ ಕಲಿಸೋಕೆ ಯಾವ ಗೊಂಬೆ ತರಿಸೋಣ? ಕಂಪ್ಯೂಟರ್ ಇರೋದೇ ಬೇಕಾ?" ಮಾಮಾ ನಟಾಲಿ ತರಿಸಿ, ಜೊತೆಗೆ ನಿಯೋ ನಟಾಲಿ ಅನ್ನುವ ಕೂಸಿನ ಗೊಂಬೆಯನ್ನೂ ತರಿಸಿ ಅಂತ ಹೇಳುತ್ತೇನೆ. ಫೋನಿನಲ್ಲಿ ಇಷ್ಟು ಹೇಳಿದರೆ ಸಾಲದು, ಯಾಕೆ ಅಂತಲೂ ಹೇಳಬೇಕಲ್ವಾ? ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ನೌಕರಿಯ ಬಹುಪಾಲು ವರ್ಷ ಕಳೆದದ್ದು ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳ ಲೇಬರ್ ರೂಮಿನಲ್ಲಿ. ಈಗ ಪಿಎಚ್‌ಸಿ ನರ್ಸ್‌ಗಳಿಗೆ, ಎಎನ್‌ಎಂ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ಕಂಪ್ಯೂಟರಿನಿಂದ ನಡೆಯುವ ದುಬಾರಿ ಗೊಂಬೆಗಳ ಮೇಲೂ ಕಲಿಸಿದ್ದೇನೆ, ಇದರ ಮೇಲೂ ಕಲಿಸಿದ್ದೇನೆ. ಎರಡನ್ನೂ ನೋಡಿಯೇ ಹೇಳುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಡಬ್ಬಿ ತೆರೆದವರಿಗೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ. ಇದಕ್ಕೆ ತಲೆ ಇಲ್ಲ, ಕೈ ಇಲ್ಲ, ಕಾಲಿಲ್ಲ. ಹೊಟ್ಟೆ ಮತ್ತು ಸೊಂಟದ ಭಾಗ ಮಾತ್ರ. ಅದನ್ನು ಬದುಕಿರುವ ಒಬ್ಬ ಮನುಷ್ಯರು ಏಪ್ರನ್ ಹಾಗೆ ಮುಂದುಗಡೆ ಕಟ್ಟಿಕೊಂಡು ಮಂಚದ ಮೇಲೆ ಕೂರಬೇಕು ಅಥವಾ ಒರಗಬೇಕು. ಹೊಟ್ಟೆಯೊಳಗೆ ಕೂಸು, ಹೊಕ್ಕುಳ ಬಳ್ಳಿ, ಮಾಸು ಎಲ್ಲ ಇರುತ್ತದೆ. ಕಟ್ಟಿಕೊಂಡವರ ಕೈ ಒಳಗೇ ಇರುತ್ತದೆ, ಹೊರಗಿನವರಿಗೆ ಕಾಣಿಸುವುದಿಲ್ಲ. ಕೂಸನ್ನು ಮೆಲ್ಲಗೆ ಹೊರಗೆ ತಳ್ಳುವವರು ಅವರೇ. ಗರ್ಭಕೋಶ ಗಟ್ಟಿಯಾಗಬೇಕಾ, ಮೆತ್ತಗೆ ಉಳಿಯಬೇಕಾ ಅಂತ ನಿರ್ಧರಿಸುವವರೂ ಅವರೇ. ಕೃತಕ ರಕ್ತದ ಒಂದು ಚೀಲ ಇದೆ, ಅದರ ವಾಲ್ವ್ ಎಷ್ಟು ತಿರುಗಿಸಿದರೆ ಅಷ್ಟು ರಕ್ತ ಹೋಗುತ್ತದೆ. ಮಾಸು ಬಿಡದೆ ಒಳಗೇ ಹಿಡಿದುಕೊಳ್ಳಬಹುದು. ಮೂತ್ರಚೀಲ ಇದೆ, ಕ್ಯಾಥೆಟರ್ ಹಾಕಿ ಖಾಲಿ ಮಾಡುವುದನ್ನು ಕಲಿಯಬಹುದು. ಇದು ಸಣ್ಣ ವಿಷಯ ಅಲ್ಲ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಕುಗ್ಗುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ, ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ.

ಮಾಡಿದವರು ನಾರ್ವೆಯ ಲೇರ್ಡಾಲ್ ಕಂಪನಿಯವರು. ಅವರ ಕಥೆ ನನಗೆ ತುಂಬಾ ಇಷ್ಟ. ಸ್ಟಾವಂಗರ್ ಅನ್ನುವ ಊರಿನಲ್ಲಿ ಆಸ್ಮುಂಡ್ ಲೇರ್ಡಾಲ್ ಮಕ್ಕಳ ಆಟಿಕೆ ಮಾಡುತ್ತಿದ್ದರು. ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಗೊಂಬೆ ಮಾಡುವುದು ಅವರಿಗೆ ಕರಗತವಾಗಿತ್ತು. ಬಾಯಿಗೆ ಬಾಯಿಟ್ಟು ಉಸಿರು ತುಂಬುವುದನ್ನು ಜನರಿಗೆ ಕಲಿಸಲು ಒಂದು ಗೊಂಬೆ ಬೇಕು ಅಂತ ಅರಿವಳಿಕೆ ವೈದ್ಯರು ಅವರ ಹತ್ತಿರ ಹೋದರು. ಹಾಗೆ 1960ರಲ್ಲಿ ರೆಸಸಿ ಆನ್ ಬಂತು. ಸಿಪಿಆರ್ ಕಲಿತ ನಮ್ಮಲ್ಲಿ ಬಹಳ ಜನ ಆ ಗೊಂಬೆಯ ಎದೆ ಒತ್ತಿಯೇ ಕಲಿತದ್ದು. ತಾಯಿ ಮಕ್ಕಳ ಸಾವು ಜಾಸ್ತಿ ಇರುವ ದೇಶಗಳಿಗೆ ಕಡಿಮೆ ಖರ್ಚಿನ ಉಪಕರಣ ಮಾಡಲೆಂದೇ 2010ರಲ್ಲಿ ಲೇರ್ಡಾಲ್ ಗ್ಲೋಬಲ್ ಹೆಲ್ತ್ ಅಂತ ಲಾಭದ ಉದ್ದೇಶವಿಲ್ಲದ ಬೇರೆ ಸಂಸ್ಥೆ ಮಾಡಿದರು. ನಟಾಲಿ ಗೊಂಬೆಗಳು ಅಲ್ಲಿಂದ ಬಂದವು.

ಆದರೆ ಬಟ್ಟೆಯ ಹೊಟ್ಟೆ ಮಾಡಿ ಹೆರಿಗೆ ಕಲಿಸುವುದು ಅದಕ್ಕಿಂತ ಬಹಳ ಹಳೆಯದು. 18ನೇ ಶತಮಾನದ ಫ್ರಾನ್ಸ್‌ನಲ್ಲಿ ಆಂಜೆಲಿಕ್ ದ್ಯು ಕುದ್ರೆ ಅಂತ ಒಬ್ಬ ಸೂಲಗಿತ್ತಿ ಇದ್ದರು. ಬಟ್ಟೆ, ಚರ್ಮ, ಹತ್ತಿ ಸೇರಿಸಿ ಹೆಂಗಸಿನ ಸೊಂಟದ ಭಾಗವನ್ನು ಹೊಲಿದಿದ್ದರು, ಒಳಗೆ ಕೂಸಿನ ಗೊಂಬೆ. ಸ್ಪಂಜಿನಲ್ಲಿ ಬಣ್ಣದ ನೀರು ತುಂಬಿ ರಕ್ತ ಹೋಗುವುದನ್ನೂ ತೋರಿಸುತ್ತಿದ್ದರು. 1759ರಲ್ಲಿ 15ನೇ ಲೂಯಿ ರಾಜ ಅವರಿಗೆ ಊರೂರು ತಿರುಗಿ ಕಲಿಸಲು ಅಪ್ಪಣೆ ಕೊಟ್ಟ. ವರ್ಷಗಟ್ಟಲೆ ತಿರುಗಿದರು, ಸಾವಿರಾರು ಹಳ್ಳಿ ಹೆಂಗಸರಿಗೆ ಕಲಿಸಿದರು. ಅವರು ಹೊಲಿದ ಒಂದು ಗೊಂಬೆ ರುಆನ್ ಊರಿನ ಮ್ಯೂಸಿಯಂನಲ್ಲಿ ಈಗಲೂ ಇದೆ. ಹುಡುಗಿಯರಿಗೆ ಮೊದಲ ದಿನ ನಾನು ಈ ಕಥೆ ಹೇಳಿಯೇ ಶುರು ಮಾಡುತ್ತೇನೆ. ಈ ವಿದ್ಯೆಯನ್ನು ಕಟ್ಟಿದವರು ಸೂಲಗಿತ್ತಿಯರು ಅನ್ನುವುದು ಅವರಿಗೆ ಗೊತ್ತಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಯಾಕೆ ಇಷ್ಟು ಮೆಚ್ಚುತ್ತೇನೆ ಅಂದರೆ, ಇದರ ಅರ್ಧ ಭಾಗ ಪ್ಲಾಸ್ಟಿಕ್, ಇನ್ನರ್ಧ ಭಾಗ ಮನುಷ್ಯರು. ಕಟ್ಟಿಕೊಂಡ ಹೆಂಗಸು ಮಾತಾಡುತ್ತಾಳೆ, ನರಳುತ್ತಾಳೆ, ನಿಮ್ಮ ಕೈ ಹಿಡಿದು ಎಳೆಯುತ್ತಾಳೆ. ಕಂಪ್ಯೂಟರ್ ಗೊಂಬೆಗೂ ಸ್ಪೀಕರ್ ಇರುತ್ತದೆ, ಕಣ್ಣು ಮಿಟುಕಿಸುತ್ತದೆ, ನಾಡಿ ಬಡಿಯುತ್ತದೆ. ಆದರೆ ಅದರ ಮುಂದೆ ನಿಂತವರು ಮಾನಿಟರ್ ನೋಡುತ್ತಾರೆ. ಮಾಮಾ ನಟಾಲಿ ಮುಂದೆ ನಿಂತವರು ಮುಖ ನೋಡಲೇಬೇಕು. ಬೇರೆ ದಾರಿಯೇ ಇಲ್ಲ.

ನಾನು ಜಾಸ್ತಿ ಮಾಡಿಸುವ ಒಂದು ಡ್ರಿಲ್ ಹೇಳುತ್ತೇನೆ. ಲೇಬರ್ ರೂಮಿನಲ್ಲಿ ಪಳಗಿದ ಒಬ್ಬ ಹಿರಿಯ ಸಿಸ್ಟರ್ ಹೊಟ್ಟೆ ಕಟ್ಟಿಕೊಂಡು ಮಲಗುತ್ತಾರೆ. ಮೇಲೆ ಸೀರೆ ಹೊದಿಸುತ್ತೇವೆ. ಹೆರಿಗೆ ಸಲೀಸಾಗಿ ಆಗುತ್ತದೆ, ಕೂಸು ಅಳುತ್ತದೆ. ಟ್ರೈನಿ ಖುಷಿಯಾಗಿ ಕೂಸು ಒರೆಸುತ್ತಾಳೆ, ತಾಯಿಯ ಎದೆ ಮೇಲೆ ಇಡುತ್ತಾಳೆ, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ಟೆ ಅಂತ ಜೋರಾಗಿ ಹೇಳುತ್ತಾಳೆ. ಮಾಸು ಬರುತ್ತದೆ. ಎಲ್ಲ ಮುಗಿಯಿತು ಅಂತ ಕೇಸ್ ಶೀಟ್ ಬರೆಯಲು ಹೋಗುತ್ತಾಳೆ. ಆಗ ಹಿರಿಯ ಸಿಸ್ಟರ್ ವಾಲ್ವ್ ಸ್ವಲ್ಪವೇ ಸ್ವಲ್ಪ ತಿರುಗಿಸುತ್ತಾರೆ. ಧಾರೆಯಾಗಿ ಹೋಗುವುದಿಲ್ಲ, ತೊಟ್ಟಿಕ್ಕುತ್ತದೆ. ಸೊಂಟದ ಕೆಳಗೆ ಹಾಸಿದ ಬಟ್ಟೆಯಲ್ಲೇ ಇಂಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ಸಣ್ಣ ದನಿ ಬರುತ್ತದೆ.

"ಸಿಸ್ಟರ್, ನೀರಡಿಕಿ ಆಗಾಕತ್ತೈತ್ರಿ."

"ಕೊಡ್ತೀನವಾ, ತಡಿ, ಇಷ್ಟು ಬರದು ಬಂದೆ."

"ಯಾಕೋ ಕಣ್ಣಿಗೆ ಕತ್ಲಿ ಬರಾಕತ್ತೈತ್ರಿ..."

"ಕೂಸು ಆತಲ್ಲವಾ, ಇನ್ನೇನಿಲ್ಲ, ಸುಮ್ನ ಮಲಕ್ಕೋ."

ಇಲ್ಲಿ ನಾನು ಬಾಯಿ ಬಿಡುವುದಿಲ್ಲ. ಸುತ್ತ ನಿಂತ ಬೇರೆ ಹುಡುಗಿಯರಿಗೂ ಮಾತಾಡಬಾರದು ಅಂತ ಮೊದಲೇ ಹೇಳಿರುತ್ತೇನೆ. ಕೆಲವರು ಪೆನ್ನು ಕೆಳಗಿಟ್ಟು ಬಂದು ಹೊಟ್ಟೆ ಮುಟ್ಟಿ ನೋಡುತ್ತಾರೆ. ಗರ್ಭಕೋಶ ಮೆತ್ತಗಿದೆ ಅಂತ ಕೈಗೆ ಗೊತ್ತಾದ ಕ್ಷಣ ಮುಖವೇ ಬದಲಾಗುತ್ತದೆ. ಕೆಲವರು ಬಿಪಿ ಮಷಿನ್ ಹುಡುಕುತ್ತಾ ನಿಲ್ಲುತ್ತಾರೆ. ಕೆಲವರು ಬರೆಯುತ್ತಲೇ ಇರುತ್ತಾರೆ. ತಾಯಿಯ ದನಿ ಇಳಿಯುತ್ತಾ ಇಳಿಯುತ್ತಾ ನಿಂತೇ ಹೋಗುತ್ತದೆ. ದನಿ ನಿಂತಾಗ ಕೋಣೆಯಲ್ಲಿ ಎಲ್ಲರಿಗೂ ಗಂಟಲು ಕಟ್ಟುತ್ತದೆ, ಅದು ನಾಟಕ ಅಂತ ಗೊತ್ತಿದ್ದರೂ.

ನೀರಡಿಕೆ, ಕಣ್ಣಿಗೆ ಕತ್ತಲೆ, ಸುಮ್ಮನೆ ಆಕಳಿಕೆ, ಮೈ ತಣ್ಣಗಾಗುವುದು. ರಕ್ತ ಜಾಸ್ತಿ ಹೋಗುತ್ತಿದೆ ಅನ್ನುವುದನ್ನು ತಾಯಿ ಹೇಳುವುದು ಹೀಗೆ. ಅವಳು 'ನನಗೆ ಪಿಪಿಎಚ್ (ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ) ಆಗಿದೆ' ಅಂತ ಹೇಳುವುದಿಲ್ಲ. ಈ ಮಾತುಗಳನ್ನು ಕಿವಿ ಕೊಟ್ಟು ಕೇಳುವುದನ್ನು ಬೇರೆ ಯಾವ ಗೊಂಬೆಯೂ ನನ್ನ ಹುಡುಗಿಯರಿಗೆ ಇಷ್ಟು ಚೆನ್ನಾಗಿ ಕಲಿಸಿಲ್ಲ. ಅದಕ್ಕೇ ಹೇಳುವುದು, ಹೊಟ್ಟೆ ಕಟ್ಟಿಕೊಳ್ಳುವ ಕೆಲಸ ಚಿಕ್ಕವರಿಗೆ ಬಿಡಬೇಡಿ. ಬಹಳ ಕಡೆ ಹಾಗೇ ಮಾಡುತ್ತಾರೆ. ಹೊಸ ಹುಡುಗಿಯೊಬ್ಬಳಿಗೆ ಕಟ್ಟಿ ಮಲಗಿಸಿ, ದೊಡ್ಡವರು ಸುತ್ತ ನಿಂತು ಪಾಠ ಹೇಳುತ್ತಾರೆ. ಅವಳಿಗೆ ನಿಜವಾದ ರಕ್ತಸ್ರಾವ ಹೇಗೆ ಶುರುವಾಗುತ್ತದೆ ಅಂತಲೇ ಗೊತ್ತಿರುವುದಿಲ್ಲ. ವಾಲ್ವ್ ಪೂರ್ತಿ ತಿರುಗಿಸಿಬಿಡುತ್ತಾಳೆ, ಹಾಸಿಗೆಯೆಲ್ಲ ಕೆಂಪು, ಎಲ್ಲರೂ ಓಡಿ ಬರುತ್ತಾರೆ. ಅದರಲ್ಲಿ ಕಲಿಯುವುದು ಏನೂ ಇಲ್ಲ. ಧಾರೆಯಾಗಿ ಹೋದರೆ ಯಾರಿಗಾದರೂ ಕಾಣುತ್ತದೆ. ತೊಟ್ಟಿಕ್ಕುವುದನ್ನು ಹಿಡಿಯುವುದೇ ವಿದ್ಯೆ.

ಕಟ್ಟಿಕೊಂಡವರು ಕಲಿಯುವುದು ಇನ್ನೊಂದಿದೆ. ಒಬ್ಬ ಹಿರಿಯ ಸಿಸ್ಟರ್, ಗಟ್ಟಿ ಹೆಂಗಸು, ಸಾವಿರಾರು ಹೆರಿಗೆ ಮಾಡಿಸಿದವರು, ಡ್ರಿಲ್ ಮುಗಿದ ಮೇಲೆ ಹೊಟ್ಟೆ ಬಿಚ್ಚುತ್ತಾ ಹೇಳಿದರು: "ಅಲ್ರೀ ಮೇಡಂ, ಮೂರು ಮಂದಿ ಬಂದು ಕೈ ಹಾಕಿದ್ರು. ಒಬ್ರರ ನನಗ ಹೇಳಿ ಹಾಕಿದ್ರೇನ್ರೀ?" ಪ್ಲಾಸ್ಟಿಕ್ ಹೊಟ್ಟೆ ಅದು, ಅವರ ಮೈ ಅಲ್ಲ. ಆದರೂ ಅವರಿಗೆ ತಟ್ಟಿತ್ತು. ಕಾಲ ಬಳಿ ನಿಂತವರೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡರು, ತಲೆಯ ಕಡೆ ಯಾರೂ ಬರಲಿಲ್ಲ ಅಂದರು. ಆ ಗುಂಪಿನ ಮುಂದಿನ ಡ್ರಿಲ್‌ನಲ್ಲಿ ಒಬ್ಬಳು ತಾನಾಗಿಯೇ ತಲೆಯ ಬಳಿ ನಿಂತಳು. "ಅಕ್ಕಾ, ಈಗ ಹೊಟ್ಟಿ ಒತ್ತಿ ನೋಡ್ತೀನ್ರೀ, ಸ್ವಲ್ಪ ನೋವಾಗ್ತೈತಿ" ಅಂತ ಹೇಳಿ ಮುಟ್ಟಿದಳು. ತಾಯಿಗೆ ಮರ್ಯಾದೆ ಕೊಡಿ ಅಂತ ಗೋಡೆ ಮೇಲೆ ಎಷ್ಟು ಪೋಸ್ಟರ್ ಅಂಟಿಸಿದ್ದೇವೆ. ಲೇಬರ್ ರೂಮಿನ ಆರೈಕೆ ಸುಧಾರಿಸಲು 2017ರಲ್ಲಿ ಬಂದ ಸರ್ಕಾರದ ಲಕ್ಷ್ಯ ಕಾರ್ಯಕ್ರಮದಲ್ಲೂ ಇದರ ಮೇಲೆ ಅಷ್ಟು ಒತ್ತು ಇದೆ. ಒಂದು ಸಲ ಆ ಮಂಚದ ಮೇಲೆ ಮಲಗಿ ಎದ್ದವರಿಗೆ ಪೋಸ್ಟರ್ ಬೇಕಾಗುವುದಿಲ್ಲ. ಗಂಡಸು ಡಾಕ್ಟರುಗಳಿಗೂ ನಾನು ಕಟ್ಟಿಸುತ್ತೇನೆ. ಮೊದಲು ನಾಚಿಕೊಳ್ಳುತ್ತಾರೆ, ಎದ್ದ ಮೇಲೆ ಬೇರೆ ತರಹ ಮಾತಾಡುತ್ತಾರೆ.

ರಕ್ತ ಎಷ್ಟು ಹೋಯಿತು ಅನ್ನುವ ಅಂದಾಜು ಕಲಿಸಲು ಇದು ಹೇಳಿ ಮಾಡಿಸಿದ ಹಾಗಿದೆ. ಡ್ರಿಲ್ ಮುಗಿದ ಕೂಡಲೇ ಎಲ್ಲರೂ ಚೀಟಿಯಲ್ಲಿ ಒಂದು ಅಂಕಿ ಬರೆಯಬೇಕು. ಆಮೇಲೆ ಅಳೆದು ತೋರಿಸುತ್ತೇನೆ. ಹೆಚ್ಚಿನವರು ಕಡಿಮೆಯೇ ಬರೆದಿರುತ್ತಾರೆ. ಇದು ನಮ್ಮ ಹುಡುಗಿಯರ ದೋಷ ಅಲ್ಲ, ಕಣ್ಣಿನ ಸ್ವಭಾವವೇ ಹಾಗೆ. ಇದರಲ್ಲಿ ನಮ್ಮ ಬೆಳಗಾವಿಗೆ ದೊಡ್ಡ ಪಾಲಿದೆ, ಅದನ್ನು ಎಲ್ಲರಿಗೂ ಹೇಳಬೇಕು ಅನಿಸುತ್ತದೆ. ಅಲ್ಲಿನ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹಳ್ಳಿಗಳಲ್ಲಿ, ಗರ್ಭಕೋಶ ಕುಗ್ಗಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗ ಮಾಡಿದರು. ಮಾತ್ರೆ ಕೊಟ್ಟವರು ಎಎನ್‌ಎಂಗಳೇ. ಪಿಪಿಎಚ್ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅದು ಪ್ರಕಟವಾಯಿತು. ಆ ಪ್ರಯೋಗಕ್ಕಾಗಿಯೇ ಸೊಂಟದ ಕೆಳಗೆ ಹಾಸುವ, ಅಳತೆಯ ಗೆರೆ ಇರುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು, ತುದಿಯಲ್ಲಿ ರಕ್ತ ಸೇರುವ ಚೀಲ. ಅದರಲ್ಲಿ ಅಳೆದಾಗ ಕಂಡದ್ದಕ್ಕಿಂತ ಕಣ್ಣಳತೆಯ ಅಂದಾಜು ಶೇ 33ರಷ್ಟು ಕಡಿಮೆ ಇತ್ತು. ಇಂಥ ಅಳತೆ ಹಾಳೆಯ ಜೊತೆಗೆ ಕೂಡಲೇ ಕೊಡುವ ಚಿಕಿತ್ಸೆಗಳನ್ನೂ ಸೇರಿಸಿಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದಲ್ಲಿ ಇ-ಮೋಟಿವ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ತೀವ್ರ ರಕ್ತಸ್ರಾವದಂಥ ತೊಂದರೆಗಳು ಶೇ 60ರಷ್ಟು ಕಡಿಮೆಯಾದವು ಅಂತ 2023ರಲ್ಲಿ ವರದಿ ಬಂತು. ಹಾಗಾಗಿ ಮಾಮಾ ನಟಾಲಿ ಕೆಳಗೆ ಅಳತೆ ಹಾಳೆ ಹಾಸದೆ ಡ್ರಿಲ್ ಮಾಡಿಸಲೇಬೇಡಿ. 500 ಎಂಎಲ್ ಗೆರೆ ಎಲ್ಲಿದೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕು.

ಕೂಸಿನ ಬಗ್ಗೆ. ನಿಯೋ ನಟಾಲಿ ಖಾಲಿ ಇದ್ದಾಗ ಮಡಚಿದ ಚೀಲದಷ್ಟೇ. ಒಳಗೆ ಸುಮಾರು ಎರಡು ಲೀಟರ್ ಬೆಚ್ಚಗಿನ ನೀರು ತುಂಬಿದರೆ ಆಗತಾನೇ ಹುಟ್ಟಿದ ಕೂಸಿನ ತೂಕ, ಅದೇ ಜೋಲು ಕುತ್ತಿಗೆ. ಎತ್ತಿಕೊಂಡವರು ತಮಗೇ ಗೊತ್ತಿಲ್ಲದೆ ತಲೆಗೆ ಕೈ ಕೊಡುತ್ತಾರೆ. ಬಲ್ಬ್ ಒತ್ತಿದರೆ ಹೊಕ್ಕುಳ ಬಳ್ಳಿಯಲ್ಲಿ ನಾಡಿ ಬಡಿಯುತ್ತದೆ, ಇನ್ನೊಂದು ಒತ್ತಿದರೆ ಉಸಿರಾಡುತ್ತದೆ. ಉಸಿರು ತುಂಬುವ ಆಂಬೂ ಬ್ಯಾಗ್ ಹಿಡಿದಾಗ ತಲೆ ಸರಿಯಾಗಿ ಇಡದಿದ್ದರೆ, ಮಾಸ್ಕ್ ಸೋರುತ್ತಿದ್ದರೆ ಎದೆ ಏಳುವುದೇ ಇಲ್ಲ. ಟ್ರೈನಿಗೆ ನಾನು ತಪ್ಪು ಅಂತ ಹೇಳಬೇಕಾಗಿಯೇ ಇಲ್ಲ, ಕೂಸೇ ಹೇಳುತ್ತದೆ. ಒರೆಸು, ಬೆಚ್ಚಗಿಡು, ಕಟ್ಟಿಕೊಂಡಿದ್ದರೆ ಮಾತ್ರ ಮೊದಲು ಬಾಯಿ ಆಮೇಲೆ ಮೂಗು ಚೊಕ್ಕ ಮಾಡು, ಬೆನ್ನು ತೀಡು, ಉಸಿರಿಲ್ಲವಾ, ಬ್ಯಾಗ್ ಹಿಡಿ. ಇಷ್ಟೂ ಮೊದಲ ಒಂದು ನಿಮಿಷದಲ್ಲಿ. ಬ್ಯಾಗ್ ಒತ್ತುವ ಲೆಕ್ಕ ನಿಮಿಷಕ್ಕೆ 40ರಿಂದ 60. 'ಒತ್ತು, ಎರಡು, ಮೂರು' ಅಂತ ಜೋರಾಗಿ ಹೇಳಿಸುತ್ತೇನೆ. ಬಾಯಲ್ಲಿ ಹೇಳಿದರೆ ಕೈ ಅವಸರ ಮಾಡುವುದಿಲ್ಲ.

ಈ ಕೂಸಿನ ಮೇಲೆ ಕಲಿತರೆ ನಿಜವಾದ ಕೂಸು ಉಳಿಯುತ್ತದಾ? ಇದನ್ನು ಯಾರೇ ಆಗಲಿ ಕೇಳಬೇಕಾದದ್ದೇ. ಇಲ್ಲೂ ಬೆಳಗಾವಿಯ ಹೆಸರು ಬರುತ್ತದೆ. ಹುಟ್ಟಿದ ಕೂಸಿಗೆ ಉಸಿರು ಬರಿಸುವುದನ್ನು ಕಲಿಸುವ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಅನ್ನುವ ತರಬೇತಿಯನ್ನು ಆ ಭಾಗದ ಪಿಎಚ್‌ಸಿ ಮತ್ತು ಆಸ್ಪತ್ರೆಗಳ 599 ಮಂದಿಗೆ ಕೊಟ್ಟರು. ಅದಾದ ಮೇಲೆ ಸತ್ತು ಹುಟ್ಟಿದ ಕೂಸುಗಳ ಪ್ರಮಾಣ ಶೇ 3ರಿಂದ ಶೇ 2.3ಕ್ಕೆ ಇಳಿಯಿತು ಅಂತ 2013ರಲ್ಲಿ ವರದಿ ಮಾಡಿದರು. ಗೊಂಬೆ ಮೇಲೆ ಕಲಿತದ್ದಕ್ಕೂ ಸತ್ತು ಹುಟ್ಟುವುದಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಉಸಿರಾಡದೆ, ಬೆಳ್ಳಗೆ ಜೋತುಬಿದ್ದು ಹುಟ್ಟಿದ ಕೂಸನ್ನು ಸತ್ತಿದೆ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಿದ್ದ ಕಾಲ ನಾವೆಲ್ಲ ನೋಡಿದ್ದೇವೆ. ಬಳ್ಳಿ ಮುಟ್ಟಿ ನಾಡಿ ನೋಡುವುದನ್ನು ಕಲಿತವಳು ಹಾಗೆ ಇಡುವುದಿಲ್ಲ. ಅಂಥ ಕೆಲವು ಕೂಸುಗಳು ಬದುಕುತ್ತವೆ.

ಹಾಗಂತ ಗೊಂಬೆ ತಂದ ಕೂಡಲೇ ಸಾವು ನಿಲ್ಲುತ್ತದೆ ಅಂತಲ್ಲ. ಮುಂದೆ ಇದೇ ತರಬೇತಿಯ ಫಲವನ್ನು ಬೆಳಗಾವಿ, ನಾಗಪುರ ಮತ್ತು ಕೀನ್ಯಾದಲ್ಲಿ ಒಟ್ಟಿಗೆ ನೋಡಿದಾಗ ಮೂರೂ ಕಡೆ ಒಂದೇ ತರಹದ ಇಳಿಕೆ ಕಾಣಲಿಲ್ಲ. ತಾಂಜಾನಿಯಾದ ಹೈಡಮ್ ಆಸ್ಪತ್ರೆಯ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಒಂದೇ ದಿನದ ತರಬೇತಿ ಕೊಟ್ಟಾಗ ಗೊಂಬೆ ಮೇಲೆ ಎಲ್ಲರೂ ಚೆನ್ನಾಗಿ ಮಾಡಿ ತೋರಿಸಿದರು, ನಿಜವಾದ ಕೂಸುಗಳ ಆರೈಕೆ ಮಾತ್ರ ಬದಲಾಗಲಿಲ್ಲ. ಆಮೇಲೆ ಗೊಂಬೆಯನ್ನು ಲೇಬರ್ ವಾರ್ಡಿನಲ್ಲೇ ಇಟ್ಟು, ವಾರ ವಾರ ಕೆಲವೇ ನಿಮಿಷ ಅಭ್ಯಾಸ ಮಾಡಿಸಿದರು. ಹುಟ್ಟಿದ 24 ಗಂಟೆಯೊಳಗಿನ ಸಾವು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಗೊಂಬೆ ಅದೇ, ಜನ ಅದೇ.

ನಾನು ಓಡಾಡಿದ ಒಂದು ಆಸ್ಪತ್ರೆಯಲ್ಲಿ ನಟಾಲಿ ಸೆಟ್ ಇದೆ ಅಂತ ಖುಷಿಯಿಂದ ಹೋದೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಿ ಕಪಾಟಿನಲ್ಲಿ ಬೀಗ ಹಾಕಿತ್ತು. ಬೀಗದ ಕೈ ಇದ್ದವರು ರಜೆ. ಕಳೆದು ಹೋದರೆ, ಹರಿದು ಹೋದರೆ ತಮ್ಮ ತಲೆ ಮೇಲೆ ಬರುತ್ತದೆ ಅನ್ನುವ ಹೆದರಿಕೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಸರ್ಕಾರಿ ಸಾಮಾನಿನ ಲೆಕ್ಕ ಕೊಡುವ ಕಷ್ಟ ನನಗೂ ಗೊತ್ತು. ಆದರೆ ಇದು ಬಳಸಿ ಬಳಸಿ ಹಳೆಯದಾಗಬೇಕಾದ ಸಾಮಾನು. ಕೊಂಡ ದಿನವೇ ಆಡಳಿತಾಧಿಕಾರಿಯಿಂದ ಒಂದು ಸಾಲು ಬರೆಸಿಕೊಳ್ಳಿ: ದಿನನಿತ್ಯದ ಅಭ್ಯಾಸಕ್ಕೆ, ಲೇಬರ್ ರೂಮಿನ ಪಕ್ಕದಲ್ಲಿ ಇಡತಕ್ಕದ್ದು.

ಪಕ್ಕದಲ್ಲೇ ಇಟ್ಟರೆ ಇನ್ನೊಂದು ದೊಡ್ಡ ಲಾಭ ಇದೆ. ಕ್ಲಾಸ್ ರೂಮಿನಲ್ಲಿ ಡ್ರಿಲ್ ಮಾಡಿದರೆ ಎಲ್ಲ ಸಾಮಾನು ಟೇಬಲ್ ಮೇಲೆ ಜೋಡಿಸಿರುತ್ತೇವೆ. ನಿಜವಾದ ಲೇಬರ್ ರೂಮಿನಲ್ಲಿ, ಅವರದೇ ಟ್ರೇ, ಅವರದೇ ಫ್ರಿಜ್, ರಾತ್ರಿ ಪಾಳಿಯ ಇಬ್ಬರೇ ನರ್ಸ್ ಇಟ್ಟುಕೊಂಡು ಮಾಡಿದರೆ ಬೇರೆಯದೇ ಕಾಣುತ್ತದೆ. ಒಂದು ಕಡೆ ಆಕ್ಸಿಟೋಸಿನ್ ತರಲು ಓಡಿದ ಹುಡುಗಿ ಬರಿಗೈಯಲ್ಲಿ ವಾಪಸ್ ಬಂದಳು. ಫ್ರಿಜ್ ಬೀಗದ ಕೈ ಹಗಲು ಪಾಳಿಯವರ ಪರ್ಸಿನಲ್ಲಿ ಮನೆಗೆ ಹೋಗಿತ್ತು. ಇನ್ನೊಂದು ಕಡೆ ಆಕ್ಸಿಜನ್ ಸಿಲಿಂಡರ್ ತುಂಬಿತ್ತು, ತೆರೆಯುವ ಸ್ಪ್ಯಾನರ್ ಇರಲಿಲ್ಲ. ಮತ್ತೊಂದು ಕಡೆ ಕೂಸಿನ ಬ್ಯಾಗ್ ಇತ್ತು, ಸಣ್ಣ ಮಾಸ್ಕ್ ಇರಲಿಲ್ಲ. ಯಾವ ಚೆಕ್‌ಲಿಸ್ಟ್‌ನಲ್ಲೂ ಇವು ಸಿಕ್ಕಿಬಿದ್ದಿರಲಿಲ್ಲ, ಯಾಕೆಂದರೆ ಎಲ್ಲದಕ್ಕೂ ಟಿಕ್ ಬಿದ್ದಿತ್ತು. ಪ್ಲಾಸ್ಟಿಕ್ ಹೊಟ್ಟೆಯಿಂದ ಬಣ್ಣದ ನೀರು ಹರಿದಾಗ ಸಿಕ್ಕಿಬಿದ್ದವು. ಅವತ್ತೇ ಸ್ಪ್ಯಾನರನ್ನು ಸಿಲಿಂಡರಿಗೆ ಸರಪಳಿ ಹಾಕಿ ಕಟ್ಟಿಸಿದರು.

ಇದರಲ್ಲಿ ಇಲ್ಲದ್ದು ಏನು ಅಂತಲೂ ಹೇಳಬೇಕು. ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆದಿದೆ ಅಂತ ಹಂತ ಹಂತವಾಗಿ ಕಲಿಸಲು ಇದು ಆಗುವುದಿಲ್ಲ, ಅದಕ್ಕೆ ಬೇರೆ ಮಾಡೆಲ್ ಬೇಕು. ಹೊಲಿಗೆ ಹಾಕುವ ಅಭ್ಯಾಸವೂ ಇದರ ಮೇಲೆ ಆಗದು. ತಲೆ ಕೈ ಇಲ್ಲದ್ದರಿಂದ ಐವಿ ಹಾಕುವುದು, ಇಂಜೆಕ್ಷನ್ ಕೊಡುವುದು ನಟನೆ ಮಾತ್ರ. ಮಲಗಿರುವುದು ಜೀವಂತ ಮನುಷ್ಯರು, ಹಾಗಾಗಿ ಡ್ರಿಲ್‌ನಲ್ಲಿ ಸೂಜಿಯನ್ನು ಹತ್ತಿರ ತರಲೂಬಾರದು. ಸಿರಿಂಜ್ ಸೂಜಿ ಇಲ್ಲದೆ ಇಡಿ, ಖಾಲಿ ಆಂಪ್ಯೂಲ್ ಇಡಿ. ಫಿಟ್ಸ್ ಬಂದ ತಾಯಿಯ ಡ್ರಿಲ್‌ಗೂ ಇದೇ ಹೊಟ್ಟೆ ಸಾಕು, ನಟನೆ ಚೆನ್ನಾಗಿದ್ದರೆ. ಆದರೆ ಫಿಟ್ಸ್ ತಡೆಯಲು ಕೊಡುವ ಮೆಗ್ನೀಷಿಯಂ ಸಲ್ಫೇಟ್ ಎಳೆದು ಲೆಕ್ಕ ಹಾಕುವುದನ್ನು ಬೇರೆ ಟೇಬಲ್ ಮೇಲೆ ಮಾಡಿಸಬೇಕು. ಎರಡೂ ಕುಂಡಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಅಂದರೆ ಎಷ್ಟೊಂದು ಆಂಪ್ಯೂಲ್ ಒಡೆಯಬೇಕು ಅನ್ನುವುದು ಕೈಯಾರೆ ಒಡೆದಾಗಲೇ ತಲೆಗೆ ಹೋಗುವುದು.

ತೊಳೆಯುವ ಕೆಲಸ ಇದೆ, ಅದರಲ್ಲಿ ಸೋಮಾರಿತನ ಮಾಡುವ ಹಾಗಿಲ್ಲ. ಪ್ರತಿ ಸಲ ರಕ್ತದ ಚೀಲ ಖಾಲಿ ಮಾಡಿ, ಚೊಕ್ಕ ನೀರು ಹಾಯಿಸಿ, ನೆರಳಲ್ಲಿ ಪೂರ್ತಿ ಒಣಗಿಸಿಯೇ ಮಡಚಬೇಕು. ಕೂಸಿನ ನೀರನ್ನೂ ಚೆಲ್ಲಿ ಒಣಗಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಒಳಗೆ ತೇವ ಉಳಿದರೆ ವಾಸನೆ ಖಂಡಿತ. ಬಣ್ಣ ಬಟ್ಟೆಗೆ ಹತ್ತುತ್ತದೆ, ಹಳೆಯ ಸೀರೆ ಉಟ್ಟೇ ಡ್ರಿಲ್‌ಗೆ ಬರಲು ಹೇಳುತ್ತೇನೆ. ಹೆಪ್ಪುಗಟ್ಟಿದ ರಕ್ತ ತೋರಿಸಬೇಕಾದರೆ ಸಾಬೂದಾನಿ ಗಂಜಿಗೆ ಕೆಂಪು ಬಣ್ಣ ಹಾಕಿ, ಆರಿಸಿ, ಹಾಳೆಯ ಮೇಲೆ ಹಾಕುತ್ತೇನೆ. ಅದನ್ನು ಚೀಲದೊಳಗೆ ಮಾತ್ರ ಹಾಕಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ.

ಕಂಪ್ಯೂಟರ್ ಗೊಂಬೆಗಳ ಬಗ್ಗೆ ಕೇಳುವವರಿಗೆ ಒಂದು ಮಾತು. ಅಮೆರಿಕದ ಗಾಮರ್ಡ್ ಕಂಪನಿಯ ನೋಯೆಲ್, ಲೇರ್ಡಾಲ್‌ನದೇ ಸಿಮ್‌ಮಾಮ್, ಇಂಥವು ನಿಜಕ್ಕೂ ಒಳ್ಳೆಯವು. ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ, ಐಸಿಯು, ಹೆರಿಗೆ ತಂಡ ಒಟ್ಟಿಗೆ ಅಭ್ಯಾಸ ಮಾಡಬೇಕು ಅಂದರೆ ಅವು ಬೇಕು. ಆದರೆ ಅವಕ್ಕೆ ಎಸಿ ಕೋಣೆ ಬೇಕು, ನಡೆಸಲು ತರಬೇತಿ ಪಡೆದ ಟೆಕ್ನಿಷಿಯನ್ ಬೇಕು, ವರ್ಷ ವರ್ಷ ಸರ್ವಿಸ್ ಬೇಕು. ಜೀಪಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಪಿಎಚ್‌ಸಿಗೆ ಹೋಗಲು ಆಗುವುದಿಲ್ಲ. ನಟಾಲಿ ಒಂದು ಹೆಗಲ ಚೀಲದಲ್ಲಿ ಬರುತ್ತದೆ, ಕರೆಂಟ್ ಹೋದರೂ ಡ್ರಿಲ್ ನಿಲ್ಲುವುದಿಲ್ಲ.

ಅಷ್ಟೂ ದುಡ್ಡಿಲ್ಲ ಅನ್ನುವವರಿಗೂ ದಾರಿ ಇದೆ. ಪ್ರೊಂಟೊ ಅನ್ನುವ ಸಂಸ್ಥೆಯವರು ಮೆಕ್ಸಿಕೊದಲ್ಲಿ ಶುರು ಮಾಡಿ ಆಮೇಲೆ ಬಿಹಾರದ ಪಿಎಚ್‌ಸಿಗಳಲ್ಲೂ ಬಳಸಿದ್ದು ಒಂದು ವಿಶೇಷ ಪ್ಯಾಂಟ್. ಆಪರೇಷನ್ ಥಿಯೇಟರಿನಲ್ಲಿ ಹಾಕುವ ಸಾದಾ ಪ್ಯಾಂಟನ್ನೇ ಕೂಸು ಬರುವ ಹಾಗೆ, ರಕ್ತ ಬರುವ ಹಾಗೆ ಹೊಲಿದದ್ದು. ಅದನ್ನು ಹಾಕಿಕೊಂಡು ನರ್ಸ್ ತಾಯಿಯ ಪಾತ್ರ ಮಾಡುತ್ತಾಳೆ. ಇಲ್ಲೂ ಅದೇ, ಮಾತಾಡುವ ತಾಯಿ. ನಮ್ಮೂರಿನ ದರ್ಜಿಯವರು ಇಂಥದ್ದನ್ನು ಖಂಡಿತ ಹೊಲಿದು ಕೊಡುತ್ತಾರೆ. ಗರ್ಭಕೋಶ ಗಟ್ಟಿ ಮೆತ್ತಗೆ ಮಾಡುವುದು ಮಾತ್ರ ಅದರಲ್ಲಿ ಮಾಮಾ ನಟಾಲಿಯಷ್ಟು ಚೆನ್ನಾಗಿ ಬರುವುದಿಲ್ಲ.

ಕೊಳ್ಳುವವರು ಆರ್ಡರ್ ಹಾಕುವಾಗಲೇ ಹೆಚ್ಚುವರಿ ಹೊಕ್ಕುಳ ಬಳ್ಳಿ, ಇನ್ನೊಂದು ಮಾಸು, ಕೃತಕ ರಕ್ತದ ಪುಡಿ ಸೇರಿಸಿ ಬರೆಯಿರಿ. ಆಮೇಲೆ ಬಿಡಿ ಸಾಮಾನಿಗಾಗಿ ಬೇರೆ ಇಂಡೆಂಟ್ ಹಾಕಿ ಮಂಜೂರಾತಿಗೆ ಕಾಯುತ್ತಾ ಕೂರುವುದು ಬೇಡ. ಸಪ್ಲೈ ಮಾಡುವವರು ಬಂದು ಒಂದು ಸಲ ಕಟ್ಟಿ ತೋರಿಸಬೇಕು ಅಂತ ಷರತ್ತು ಹಾಕಿ. ಒಂದನ್ನು ಮಾತ್ರ ಕೊಳ್ಳುವಷ್ಟೇ ದುಡ್ಡಿದ್ದರೆ ನಿಯೋ ನಟಾಲಿ ಕೂಸನ್ನೇ ಮೊದಲು ಕೊಳ್ಳಿ, ಹೊಟ್ಟೆಯನ್ನು ದರ್ಜಿ ಕೈಯಲ್ಲಿ ಹೊಲಿಸಿ ಕೆಲಸ ಶುರು ಮಾಡಿ, ಮುಂದಿನ ವರ್ಷದ ಬಜೆಟ್‌ನಲ್ಲಿ ಮಾಮಾ ನಟಾಲಿ ಹಾಕಿಸಿ.